ಲಕುಟದ ಹೆಸರು: ಹೆಂಜೇರು ಮತ್ತು ರಾಯದುರ್ಗ

ಮರದ ಕೋಲಿಗೆ ಆಯುಷ್ಯ ಕಡಿಮೆ. ಗೆದ್ದಲು ಹಿಡಿದ ಊರುಗೋಲಿನಲ್ಲಿ ಕೊನೆಗೆ ಉಳಿಯುವುದು ಅದರ ಹಿಡಿ ಮಾತ್ರ, ಅದೂ ಕಲ್ಲಿನದಾಗಿದ್ದರೆ. ಅಗೇಟು, ಸ್ಫಟಿಕಗಳ ಹಿಡಿಯುಳ್ಳ ಹಳೆಯ ಬೆತ್ತಗಳನ್ನು ಸಂಗ್ರಾಹಕರು ಜೋಪಾನ ಮಾಡುವುದುಂಟು. ಮಡಕಶಿರಾ ಸೀಮೆಯಲ್ಲಿ ಕೋಲನ್ನು ಕಲ್ಲು ಉಳಿಸಿರುವ ಬಗೆ ಬೇರೆ. ಅಲ್ಲಿ ಅದು ಶಾಸನದ ಒಂದು ಹೆಸರಾಗಿ ಉಳಿದಿದೆ.

ಇಂದಿನ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಕ್ರಿ.ಶ. 943ರ ಶಾಸನವೊಂದು ಮುನಿನಾಥ ಚಿಲ್ಲುಕನೆಂಬ ಯತಿಯನ್ನು ಹೊಗಳುತ್ತದೆ. ತನ್ನ ಹೆಸರೂ ತತ್ತ್ವವೂ ಮರೆತುಹೋದಾವೆಂಬ ಅಂಜಿಕೆಯಿಂದ ಲಕುಲೀಶನೇ ಚಿಲ್ಲುಕನಾಗಿ ಮರಳಿ ಹುಟ್ಟಿದನೆಂಬುದು ಅದರ ಆಶಯ. ಲಕುಲ, ಲಕುಟ ಎಂದರೆ ದೊಣ್ಣೆ. ಪಾಶುಪತರ ಆಚಾರ್ಯನಾದ ಲಕುಲೀಶನಿಗೆ ಆ ಹೆಸರು ಬಂದುದು ಕೈಯಲ್ಲಿ ಹಿಡಿದ ದಂಡದಿಂದ. ಶಿಲ್ಪಗಳಲ್ಲಿಯೂ ಅವನನ್ನು ಗುರುತಿಸಿಕೊಡುವುದು ಆ ದಂಡವೇ.

ಈ ಹೇಳಿಕೆಯ ತೂಕ ತಿಳಿಯಲು ಮಥುರೆಯ ಸ್ತಂಭಶಾಸನವನ್ನು ನೋಡಬೇಕು. ಅದರ ಕಾಲ ಗುಪ್ತಶಕ 61, ಅಂದರೆ ಕ್ರಿ.ಶ. 380. ಅದರಲ್ಲಿ ಬರುವ ಉದಿತಾಚಾರ್ಯನು ಲಕುಲೀಶನ ಶಿಷ್ಯನಾದ ಕುಶಿಕನಿಂದ ಹತ್ತನೆಯವನು. ಇದರ ಆಧಾರದ ಮೇಲೆ ವಿದ್ವಾಂಸರು ಲಕುಲೀಶನನ್ನು ಸುಮಾರು ಎರಡನೆಯ ಶತಮಾನಕ್ಕೆ ಸೇರಿಸಿದ್ದಾರೆ. ಹಾಗಾದರೆ ಹೆಂಜೇರಿನ ಶಾಸನವು ಸುಮಾರು ಎಂಟುನೂರು ವರ್ಷಗಳ ಹಿಂದಿನ ಹೆಸರೊಂದನ್ನು ತನ್ನ ಕಾಲದ ಯತಿಗೆ ಹೊಂದಿಸುತ್ತಿದೆ. ಮರುಹುಟ್ಟಿನ ಮಾತು ಪರಂಪರೆಯ ಪುನರುಜ್ಜೀವನವನ್ನು ಹೇಳುವ ಬಗೆ.

ರಾಯದುರ್ಗದ ಸಾಕ್ಷ್ಯ ಇನ್ನೊಂದು ಧರ್ಮದ್ದು. ಅಲ್ಲಿನ ನಿಷಿಧಿ ಶಾಸನವು ಮೂಲಸಂಘದ ಚಂದ್ರಭೂತಿಯನ್ನೂ ಯಾಪನೀಯ ಸಂಘದ ಚಂದ್ರೇಂದ್ರ, ಬಾದಯ್ಯ, ತಮ್ಮಣ್ಣರನ್ನೂ ಹೆಸರಿಸುತ್ತದೆ. ಯಾಪನೀಯ ಮುನಿಗಳ ಕೈಯಲ್ಲಿದ್ದುದು ದಂಡವಲ್ಲ, ನವಿಲುಗರಿಯ ಪಿಂಛ. ಆ ಸಂಘ ಇಂದಿಲ್ಲ. ಪಿಂಛವೂ ಉಳಿಯುವ ವಸ್ತುವಲ್ಲ. ಇಲ್ಲಿಯೂ ಹೆಸರನ್ನು ಕಾಪಾಡಿದ್ದು ಕಲ್ಲೇ.

ಕಲ್ಲಿಗೂ ಸ್ಥಾನಪಲ್ಲಟ ತಪ್ಪಿಲ್ಲ. ಹೇಮಾವತಿ ಮದರಾಸು ಪ್ರಾಂತಕ್ಕೆ ಸೇರಿದ್ದರೂ ಅಲ್ಲಿನ ಶಾಸನಗಳು ಅಚ್ಚಾದದ್ದು ಮೈಸೂರಿನ ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಸಂಪುಟದಲ್ಲಿ, ಶಿರಾ ತಾಲ್ಲೂಕಿನ ಲೆಕ್ಕದಲ್ಲಿ. ನುಣುಪಾದ ಕರಿಗಲ್ಲಿನ ನೊಳಂಬ ಶಿಲ್ಪಗಳಲ್ಲಿ ಹಲವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರದ ಪಾಲಾಗಿ ಅನಂತಪುರಕ್ಕೆ ಸೇರಿತು. ಬಹುಕಾಲ ಅನಂತಪುರದಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು.

ಹೀಗೆ ಶಾಸನದ ಪಾಠ ಒಂದೆಡೆ, ಶಿಲ್ಪ ಒಂದೆಡೆ, ಊರು ಮತ್ತೊಂದೆಡೆ ಆಗಿವೆ. ಆಡಳಿತದ ಗಡಿಯೊಳಗಷ್ಟೇ ಹುಡುಕುವವನಿಗೆ ಈ ಮೂರೂ ಕೂಡಿ ಕಾಣಸಿಗುವುದಿಲ್ಲ. ಈ ಸೀಮೆಯಲ್ಲಿ ಕನ್ನಡ ಇಂದಿಗೂ ಮನೆಮಾತು. ಶಾಸನವನ್ನು ಅದರ ಊರಿನ ಹೆಸರಿನಲ್ಲೇ, ಊರಿನ ಮಕ್ಕಳ ನುಡಿಯಲ್ಲೇ ಓದಿಸುವ ಕೆಲಸ ಬಾಕಿಯಿದೆ. ಹೆಸರು ಮರೆತುಹೋದೀತೆಂದು 943ರಲ್ಲಿ ಕಲ್ಲಿಗೆ ಹತ್ತಿದ ಅಂಜಿಕೆಗೆ ತಕ್ಕ ಉತ್ತರ ಅದೇ.