ನಿಂತರೆ ಮಾತ್ರ ಫೋಟೊ: ಓಡುವ ಹುಡುಗನನ್ನು ಕ್ಯಾಮೆರಾ ಹಿಡಿದ ಕಥೆ



ಬೇಸಿಗೆ ರಜೆಯಲ್ಲಿ ಮನೆಯ ಹಳೆಯ ಟ್ರಂಕನ್ನು ಬಿಸಿಲಿಗೆ ಹಾಕುವಾಗ ಒಂದು ಕಪ್ಪು-ಬಿಳುಪು ಫೋಟೊ ಸಿಕ್ಕಿತು. ಎರಡು ಸಾಲು ಹುಡುಗರು. ಹಿಂದಿನವರು ಕೈಕಟ್ಟಿ ನಿಂತಿದ್ದಾರೆ, ಮುಂದಿನವರು ಮಂಡಿಯೂರಿ ಕುಳಿತಿದ್ದಾರೆ, ನಡುವೆ ಒಂದು ಫುಟ್‌ಬಾಲ್. ಹಿಂದೆ ತಿರುಗಿಸಿ ನೋಡಿದರೆ ಹೆಸರಿಲ್ಲ, ತಾರೀಖಿಲ್ಲ. ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಮೂವರನ್ನು ಗುರುತಿಸಿದರು. ಉಳಿದವರ ಮೇಲೆ ಬೆರಳಿಟ್ಟು, "ಇಂವ ಯಾರೋ ನೆನಪಿಲ್ಲಪ್ಪ" ಎಂದರು.

ಆದರೆ ಒಂದು ಗೋಲು ಅವರಿಗೆ ಚೆನ್ನಾಗಿ ನೆನಪಿತ್ತು. ಮೂಲೆಯಿಂದ ಬಂದ ಚೆಂಡಿಗೆ ಒಬ್ಬ ಹುಡುಗ ಎಗರಿ ತಲೆ ಕೊಟ್ಟಿದ್ದನಂತೆ. "ಗಾಳ್ಯಾಗ ನಿಂತಂಗ ಇದ್ದ ನೋಡು" ಎಂದು ಕೈಯೆತ್ತಿ ತೋರಿಸಿದರು.

"ಅದರ ಫೋಟೊ ಐತೇನು ದೊಡ್ಡಪ್ಪ?"

"ಅದನ್ನ ಯಾರ್ ತೆಗೀತಾರ? ಆಗ ನಿಂತ್ರ ಮಾತ್ರ ಫೋಟೊ ಬರ್ತಿತ್ತು."

ಈ ಮಾತು ನನ್ನನ್ನು ಬಿಡಲಿಲ್ಲ. ನಿಂತರೆ ಮಾತ್ರ ಫೋಟೊ ಬರುತ್ತಿದ್ದ ಕಾಲದಿಂದ, ಗಾಳಿಯಲ್ಲಿರುವ ಹುಡುಗನನ್ನು ನಾವು ಮೊಬೈಲಿನಲ್ಲಿ ಹಿಡಿಯುವ ಕಾಲಕ್ಕೆ ಜಗತ್ತು ಬಂದದ್ದು ಹೇಗೆ? ನಾವು ಫೋನನ್ನು ಉದ್ದಕ್ಕೆ ಹಿಡಿದು ತೆಗೆಯುತ್ತೇವಲ್ಲ, ಆ ಉದ್ದ ಚೌಕಟ್ಟು ಬಂದದ್ದು ಎಲ್ಲಿಂದ? ಇದಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮ ಉಟ್ಕೂರಿಗೂ ಸಂಬಂಧಪಟ್ಟ ಒಂದು ಪಾಲಿದೆ.

ನಿಂತವರ ಕಾಲ

ಛಾಯಾಗ್ರಹಣ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ, ಪ್ಯಾರಿಸ್ಸಿನಲ್ಲಿ. ಮೊದಮೊದಲು ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು. ಮುಂದೆ ಆ ಹೊತ್ತು ಕಡಿಮೆಯಾದರೂ, ತಲೆ ಅಲ್ಲಾಡಬಾರದೆಂದು ಸ್ಟುಡಿಯೋಗಳಲ್ಲಿ ಕುತ್ತಿಗೆಯ ಹಿಂದೆ ಕಬ್ಬಿಣದ ಹಿಡಿ ಇಡುತ್ತಿದ್ದರು. ಹಳೆಯ ಫೋಟೊಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ. ನಗುವನ್ನು ಅಷ್ಟು ಹೊತ್ತು ಹಿಡಿದಿಡಲು ಆಗುವುದಿಲ್ಲ.

1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬ ಛಾಯಾಗ್ರಾಹಕ ಅಂಗೈಯಷ್ಟು ದೊಡ್ಡ ರಟ್ಟಿನ ಫೋಟೊಗೆ ಪೇಟೆಂಟ್ ಪಡೆದ. ಅಗಲ ಕಡಿಮೆ, ಎತ್ತರ ಹೆಚ್ಚು. ನಿಂತ ಮನುಷ್ಯನ ಅಳತೆಗೆ ಹೊಂದುವ ಆಕಾರ ಅದು. ಕೆಲವೇ ವರ್ಷಗಳಲ್ಲಿ ಅದು ಜಗತ್ತೆಲ್ಲ ಹರಡಿತು. ಇಂದಿಗೂ ಪಾಸ್‌ಪೋರ್ಟ್ ಫೋಟೊ ಉದ್ದಕ್ಕೇ ಇರುತ್ತದೆ. ಹಾಗಾಗಿ ಉದ್ದ ಚೌಕಟ್ಟು ಮೊಬೈಲಿನಿಂದ ಬಂದದ್ದಲ್ಲ. ಅದು ಮನುಷ್ಯನ ನಿಲುವಿನಿಂದ ಬಂದದ್ದು.

ನಮ್ಮ ಕಡೆಯ ದೊಡ್ಡ ಹೆಸರು ರಾಜಾ ದೀನ್ ದಯಾಳ್. ಮೀರತ್ ಹತ್ತಿರದ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ಇವರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದರು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ 'ರಾಜಾ' ಬಿರುದು ಪಡೆದರು. ನಾವು ಬಹುಕಾಲ ಸೇರಿದ್ದ ಮಹಬೂಬ್‌ನಗರ ಜಿಲ್ಲೆಗೆ ಹೆಸರು ಬಂದದ್ದು ಇದೇ ನಿಜಾಮರಿಂದ. ದೀನ್ ದಯಾಳರ ಚಿತ್ರಗಳಲ್ಲಿ ದರ್ಬಾರು, ಅರಮನೆ, ಅಮೀರರು ಎಲ್ಲ ಇದ್ದಾರೆ. ಅವರ ಎದುರಿಗೆ ನಿಲ್ಲುವ ಭಾಗ್ಯ ದೊಡ್ಡವರಿಗಿತ್ತು. ಹೊಲದಲ್ಲಿ, ಬಯಲಲ್ಲಿ ಓಡುವವರಿಗೆ ಆ ಭಾಗ್ಯ ಬರಲು ಇನ್ನೂ ತಡವಿತ್ತು.

ಓಟವನ್ನು ಹಿಡಿದದ್ದು

1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಎಂಬಾತ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ಓಟದಲ್ಲಿ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಬಿಡುತ್ತವೆ ಎಂದು ಚಿತ್ರ ತೋರಿಸಿತು. ಸಾವಿರಾರು ವರ್ಷ ಜನ ಕುದುರೆ ನೋಡಿದ್ದರು, ಆದರೆ ಯಾರ ಕಣ್ಣಿಗೂ ಅದು ಸ್ಪಷ್ಟವಾಗಿ ಕಂಡಿರಲಿಲ್ಲ.

ಇದರ ಲೆಕ್ಕ ಸುಲಭ. ನಮ್ಮ ಹುಡುಗನೊಬ್ಬ ಸೆಕೆಂಡಿಗೆ 6 ಮೀಟರ್ ಓಡುತ್ತಾನೆ ಎಂದುಕೊಳ್ಳಿ. ಕ್ಯಾಮೆರಾದ ಶಟರ್ 1/30 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು 20 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಫೋಟೊದಲ್ಲಿ ಬರೀ ಹೊಗೆ ಕಾಣುತ್ತದೆ. 1/1000 ಸೆಕೆಂಡಾದರೆ ಅವನು ಸರಿಯುವುದು 6 ಮಿಲಿಮೀಟರ್ ಮಾತ್ರ. ಆಗ ಅಂಗಿಯ ನಿರಿಗೆ ಸಹ ಕಾಣುತ್ತದೆ. ದೊಡ್ಡಪ್ಪ ಹೇಳಿದ್ದು ಅಕ್ಷರಶಃ ನಿಜ. ಆಗಿನ ಮನೆ ಕ್ಯಾಮೆರಾಗಳಿಗೆ ನಿಂತವರು ಮಾತ್ರ ಸಿಗುತ್ತಿದ್ದರು.

ಚೌಕಟ್ಟು ಅಡ್ಡವಾದದ್ದು

20ನೇ ಶತಮಾನದ ಆರಂಭದಲ್ಲಿ ಪತ್ರಿಕೆಯವರ ಕೈಯಲ್ಲಿ ಗ್ರಾಫ್ಲೆಕ್ಸ್ ಎಂಬ ದೊಡ್ಡ ಪೆಟ್ಟಿಗೆ ಕ್ಯಾಮೆರಾ ಇರುತ್ತಿತ್ತು. ಅದರ ಒಂದು ಮಾದರಿಯ ಹೆಸರಿನಲ್ಲಿ 'ಆರ್‌ಬಿ' ಎಂಬ ಎರಡು ಅಕ್ಷರಗಳಿದ್ದವು. ತಿರುಗುವ ಬೆನ್ನು ಎಂದು ಅದರರ್ಥ. ಕ್ಯಾಮೆರಾವನ್ನು ಅಲ್ಲಾಡಿಸದೆ ಹಿಂದಿನ ಪ್ಲೇಟನ್ನು ಮಾತ್ರ ತಿರುಗಿಸಿದರೆ ಅಡ್ಡ ಚಿತ್ರ ಉದ್ದವಾಗುತ್ತಿತ್ತು. ಉದ್ದ ಚಿತ್ರ ಎಷ್ಟು ಬೇಕಾಗಿತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮುಂದೆ 1925ರಲ್ಲಿ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಓಸ್ಕರ್ ಬಾರ್ನಾಕ್ ಸಿನಿಮಾದ 35 ಮಿಲಿಮೀಟರ್ ರೀಲನ್ನೇ ಬಳಸಿದರು. ಸಿನಿಮಾ ಕ್ಯಾಮೆರಾದಲ್ಲಿ ರೀಲು ಮೇಲಿನಿಂದ ಕೆಳಗೆ ಓಡುತ್ತದೆ. ಬಾರ್ನಾಕ್ ಅದನ್ನು ಪಕ್ಕಕ್ಕೆ ಓಡಿಸಿ ಸಿನಿಮಾದ ಎರಡು ಚೌಕಟ್ಟುಗಳ ಜಾಗವನ್ನು ಒಂದು ಮಾಡಿದರು. ಹೀಗೆ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಅಡ್ಡ ಚೌಕಟ್ಟು ಬಂತು. ಕ್ಯಾಮೆರಾ ಚಿಕ್ಕದಾಯಿತು, ಜೇಬಿಗೆ ಹೋಯಿತು, ಮೈದಾನಕ್ಕೂ ಬಂತು. ಆದರೆ ನಿಂತ ಮನುಷ್ಯ, ಎಗರಿದ ಮನುಷ್ಯ ಚೌಕಟ್ಟಿನಲ್ಲಿ ಪೂರ್ತಿ ತುಂಬಬೇಕಾದರೆ ಕ್ಯಾಮೆರಾವನ್ನೇ ತಿರುಗಿಸಬೇಕಾಯಿತು. ಬಲಮೊಣಕೈ ಗಾಳಿಯಲ್ಲಿ, ಗುಂಡಿ ಒತ್ತುವ ಬೆರಳು ಮೇಲೆ. 90 ನಿಮಿಷದ ಆಟದಲ್ಲಿ ಹಾಗೆ ಹಿಡಿದು ನೋಡಿದವರಿಗೆ ಆ ನೋವು ಗೊತ್ತು. 1990ರ ದಶಕದ ಹೊತ್ತಿಗೆ ವೃತ್ತಿಪರ ಕ್ಯಾಮೆರಾಗಳ ತಳಭಾಗದಲ್ಲಿ ಎರಡನೆಯ ಗುಂಡಿ ಸಾಮಾನ್ಯವಾಯಿತು. ಕ್ಯಾಮೆರಾವನ್ನು ತಿರುಗಿಸಿದಾಗ ಬೆರಳಿಗೆ ಅದೇ ಸಿಗುತ್ತದೆ.

ಪತ್ರಿಕೆಯ ಪುಟ, ಮಾಸಿಕದ ಮುಖಪುಟ, ಗೋಡೆಯ ಪೋಸ್ಟರ್ ಇವೆಲ್ಲ ಉದ್ದಕ್ಕೇ ಇರುವುದೂ ಇನ್ನೊಂದು ಕಾರಣ. 1978ರಲ್ಲಿ ಮದ್ರಾಸಿನಿಂದ 'ಸ್ಪೋರ್ಟ್‌ಸ್ಟಾರ್' ವಾರಪತ್ರಿಕೆ ಶುರುವಾದ ಮೇಲೆ ಅದರ ಪುಟ ಕಿತ್ತು ಗೋಡೆಗೆ ಅಂಟಿಸಿದ ಮನೆಗಳು ನಮ್ಮ ಊರುಗಳಲ್ಲೂ ಇದ್ದವು.

ಹೈದರಾಬಾದಿನ ದೊಡ್ಡ ದಿನಗಳು

ಈಗ ನಮ್ಮ ಪಾಲಿಗೆ ಬರೋಣ. 1956ರ ನವೆಂಬರ್ 1ರವರೆಗೆ ಉಟ್ಕೂರು, ನಾರಾಯಣಪೇಟೆ, ಮಕ್ತಲ್, ಗದ್ವಾಲ್, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲ್ ಅಂದು ರಾಯಚೂರು ಜಿಲ್ಲೆಯ ತಾಲೂಕು. ಗಡಿ ಎಳೆದ ಮೇಲೆ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಈ ಕಡೆ ಉಳಿದೆವು. ಮನೆಯ ಮಾತು ಕನ್ನಡವಾಗಿಯೇ ಉಳಿಯಿತು.

ಆ ಒಂದೇ ರಾಜ್ಯವಾಗಿದ್ದ ಕಾಲದಲ್ಲಿ ಹೈದರಾಬಾದ್ ಭಾರತದ ಫುಟ್‌ಬಾಲ್ ರಾಜಧಾನಿಗಳಲ್ಲಿ ಒಂದು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1950ರಲ್ಲಿ ಡ್ಯುರಾಂಡ್ ಕಪ್ಪನ್ನೂ ತಂದಿತು. ಅದರ ಹಿಂದಿದ್ದವರು ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಮೇಷ್ಟ್ರು. ಅವರೇ ಭಾರತ ತಂಡದ ಕೋಚ್ ಆಗಿ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ತಂದರು. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ ತಂದರು. ಅಂದು ಗೋಲು ಕಾದವರು ಹೈದರಾಬಾದಿನ ಪೀಟರ್ ತಂಗರಾಜ್. ತಲೆಗೆ ಹೊಲಿಗೆ ಹಾಕಿಸಿಕೊಂಡೇ ಆಡಿದ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕ್ಯಾನ್ಸರ್‌ನಿಂದ ನರಳುತ್ತಿದ್ದ ರಹೀಮ್ ಮೇಷ್ಟ್ರು 1963ರ ಜೂನ್‌ನಲ್ಲಿ ತೀರಿಕೊಂಡರು.

ಅದೇ ತಂಡದ ತುಳಸೀದಾಸ್ ಬಲರಾಮ್ ಸಿಕಂದರಾಬಾದ್ ಹತ್ತಿರದ ಅಮ್ಮುಗೂಡದ ಬಡ ಮನೆಯ ಹುಡುಗ. ಅಭ್ಯಾಸಕ್ಕೆ ಹೈದರಾಬಾದಿಗೆ ಬರಲು ದುಡ್ಡಿಲ್ಲ ಎಂದಾಗ ರಹೀಮ್ ಮೇಷ್ಟ್ರೇ ಬಾಡಿಗೆ ಸೈಕಲ್ಲಿಗೆ ಕಾಸು ಕೊಟ್ಟರು. ಇದನ್ನು ಬಲರಾಮ್ ಕೊನೆಯವರೆಗೂ ನೆನೆಯುತ್ತಿದ್ದರು.

ಇಷ್ಟು ದೊಡ್ಡ ಕಾಲದ ಎಷ್ಟು ಫೋಟೊಗಳನ್ನು ನಾವು ನೋಡಿದ್ದೇವೆ? ನಾನು ನೋಡಿದವುಗಳಲ್ಲಿ ಹೆಚ್ಚಿನವು ನಮ್ಮ ಟ್ರಂಕಿನ ಫೋಟೊದಂತೆಯೇ ಇವೆ. ಸಾಲಾಗಿ ನಿಂತ ತಂಡ, ಕಟ್ಟಿದ ಕೈ. ತಂಗರಾಜ್ ಎತ್ತರಕ್ಕೆ ಎಗರಿ ಚೆಂಡು ಹಿಡಿಯುವುದು, ಬಲರಾಮ್ ಓಟದಲ್ಲೇ ತಿರುಗುವುದು ಹೇಗಿತ್ತು ಎಂದು ತಿಳಿಯಲು ನಮಗೆ ಉಳಿದಿರುವುದು ಬಹುತೇಕ ಬಾಯಿಮಾತೇ.

ಪಾದ ಕಾಣುವ ಚಿತ್ರ

ಇನ್ನೊಂದು ಉದಾಹರಣೆ ನೋಡಿ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ತಂಡದ ಫೋಟೊಗಳು ಇಂದಿಗೂ ನಮ್ಮನ್ನು ತಡೆದು ನಿಲ್ಲಿಸುವುದು ಅವುಗಳಲ್ಲಿ ಕಾಣುವ ಪಾದಗಳಿಂದ. ಫೋಟೊದವನು ಮಂಡಿಯ ತನಕ ಮಾತ್ರ ತೆಗೆದಿದ್ದರೆ ಅದು ಇನ್ನೊಂದು ತಂಡದ ಇನ್ನೊಂದು ಚಿತ್ರವಾಗಿರುತ್ತಿತ್ತು. ತಲೆಯಿಂದ ಪಾದದವರೆಗೆ ಮನುಷ್ಯನನ್ನು ಪೂರ್ತಿ ಹಿಡಿದಾಗ ಅವನ ಬಡತನ, ಧೈರ್ಯ, ಕಾಲ ಎಲ್ಲವೂ ಜೊತೆಗೆ ಬರುತ್ತವೆ.

ಊರ ಮೈದಾನಕ್ಕೆ ಕ್ಯಾಮೆರಾ ಬಂದಾಗ

ನಮ್ಮ ಹಿರಿಯರ ಮನೆಗಳಿಗೆ ಬಂದ ಕ್ಯಾಮೆರಾ ಹೆಚ್ಚಾಗಿ ಆಗ್ಫಾ ಕ್ಲಿಕ್ 3. ಒಂದು ರೀಲಿಗೆ 12 ಚೌಕ ಫೋಟೊ. ಶಟರ್ ನಿಧಾನದ್ದು. ಹನ್ನೆರಡೇ ಫೋಟೊ ಇರುವಾಗ ಮದುವೆ, ನಾಮಕರಣ, ಕ್ರಿಸ್ಮಸ್‌ಗೆ ಉಳಿಸಬೇಕಲ್ಲ? ಆಟಕ್ಕೆ ಯಾರು ಖರ್ಚು ಮಾಡುತ್ತಾರೆ? ಹಾಗಾಗಿ ಬಯಲಿನ ಆಟಗಾರರಿಗೆ ಒಂದು ಸಾಲಿನ ಫೋಟೊ ಸಿಕ್ಕರೆ ಅದೇ ಹೆಚ್ಚು.

ಇಂದು ಆ ಅಡ್ಡಿಗಳೆಲ್ಲ ಹೋಗಿವೆ. ಬಿಸಿಲಿದ್ದರೆ ಸಾಧಾರಣ ಫೋನು ಸಹ 1/1000 ಸೆಕೆಂಡಿಗಿಂತ ವೇಗವಾಗಿ ಹಿಡಿಯುತ್ತದೆ. ರೀಲಿನ ಖರ್ಚಿಲ್ಲ. ಫೋನು ಹುಟ್ಟಿನಿಂದಲೇ ಉದ್ದ. ದಿಸ್ದೇರಿಯ ರಟ್ಟಿನ ಆಕಾರ ತಿರುಗಿ ನಮ್ಮ ಅಂಗೈಗೇ ಬಂದಿದೆ.

ಆದರೂ ನಾನೇ ಎಡವಿದೆ. ಕಳೆದ ಸಲ ಭಾನುವಾರದ ಆಟಕ್ಕೆ ಗೆಳೆಯನ ಕ್ಯಾಮೆರಾ ತಂದು 200ಕ್ಕೂ ಹೆಚ್ಚು ಫೋಟೊ ತೆಗೆದೆ, ಎಲ್ಲ ಅಡ್ಡಕ್ಕೆ. ನಮ್ಮ ಗೋಲ್‌ಕೀಪರ್ ಹುಡುಗ ಎಗರಿದ ಚಿತ್ರವೂ ಸಿಕ್ಕಿತ್ತು. ಅವನಿಗೆ ತೋರಿಸಿದರೆ, "ಅಣ್ಣಾ, ನನ್ನ ಕೈ ಎಲ್ಲೈತಿ? ಚೆಂಡ ಎಲ್ಲೈತಿ?" ಎಂದ. ಕೈ, ಚೆಂಡು ಎರಡೂ ಚೌಕಟ್ಟಿನ ಮೇಲೆ ಹೊರಗೆ ಹೋಗಿದ್ದವು. ಎರಡೂ ಬದಿಯಲ್ಲಿ ಖಾಲಿ ಬಯಲು ಮಾತ್ರ ತುಂಬಿತ್ತು. ಅವನ ಮುಖ ಸಪ್ಪಗಾದದ್ದು ನೋಡಿ ನನಗೆ ನಾಚಿಕೆಯಾಯಿತು.

ದೂರ ನಿಂತು ಅಡ್ಡಕ್ಕೆ ತೆಗೆದು ಆಮೇಲೆ ಉದ್ದಕ್ಕೆ ಕತ್ತರಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕತ್ತರಿಸಬಹುದು. ಆದರೆ 24 ಮೆಗಾಪಿಕ್ಸೆಲ್ ಅಡ್ಡ ಚಿತ್ರವನ್ನು ಅದೇ ಪ್ರಮಾಣದ ಉದ್ದ ಚಿತ್ರವಾಗಿ ಕತ್ತರಿಸಿದರೆ ಉಳಿಯುವುದು 11ಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ.

ಅನುಭವದಿಂದ ಕಲಿತದ್ದು ಇಷ್ಟು. ಹೆಡ್ಡಿಂಗ್, ಗೋಲ್‌ಕೀಪರ್ ಮೇಲಕ್ಕೆ ಎಗರುವುದು, ಒಬ್ಬ ನಮ್ಮ ಕಡೆಗೇ ಓಡಿಬರುವುದು, ಇವಕ್ಕೆ ಕ್ಯಾಮೆರಾ ಉದ್ದಕ್ಕಿರಲಿ. ಗೋಲ್‌ಕೀಪರ್ ಪಕ್ಕಕ್ಕೆ ಹಾರುವುದಕ್ಕೆ, ನಾಲ್ಕೈದು ಜನ ಚೆಂಡಿಗೆ ಮುಗಿಬೀಳುವುದಕ್ಕೆ ಅಡ್ಡವೇ ಸರಿ. ಗೋಲಿನ ಪಕ್ಕ, ಗೆರೆಯ ಹೊರಗೆ, ಸೂರ್ಯ ಬೆನ್ನಿಗಿರುವಂತೆ ಕುಳಿತುಕೊಳ್ಳಿ. ನಿಂತು ತೆಗೆದರೆ ಹುಡುಗರು ಗಿಡ್ಡ ಕಾಣುತ್ತಾರೆ. ಕುಳಿತು ತೆಗೆದರೆ ಎಗರಿದವನ ಹಿಂದೆ ಆಕಾಶ ಬರುತ್ತದೆ. ತಲೆಯ ಮೇಲೆ ಚೆಂಡಿಗೆ ಜಾಗ ಬಿಡಿ, ಪಾದ ಕತ್ತರಿಸಬೇಡಿ. ಯಾರಾದರೂ ಗಾಯಗೊಂಡು ಬಿದ್ದರೆ ಮೊದಲು ಕ್ಯಾಮೆರಾ ಕೆಳಗಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಟ ಮುಗಿದ ಮೇಲಿನ ಕೆಲಸ. ಫೋನಿನೊಳಗೆ ಉಳಿದ ಸಾವಿರ ಫೋಟೊ ಫೋನು ಕೆಟ್ಟ ದಿನ ಒಮ್ಮೆಗೇ ಹೋಗುತ್ತವೆ. ಒಂದು ಆಟಕ್ಕೆ ಐದು ಫೋಟೊ ಆರಿಸಿ. ಯಾರು, ಯಾವ ಊರು, ಯಾರ ಮೇಲೆ ಆಟ, ಯಾವ ತಾರೀಖು ಎಂದು ಬರೆದಿಡಿ. ವರ್ಷಕ್ಕೊಮ್ಮೆ ಅವನ್ನು ಅಚ್ಚು ಹಾಕಿಸಿ ಒಂದು ಆಲ್ಬಮ್ ಮಾಡೋಣ. ಗೆದ್ದವರಷ್ಟೇ ಅಲ್ಲ, ಸೋತ ತಂಡದವರೂ, ಬೆಂಚಿನ ಮೇಲೆ ಕುಳಿತವರೂ ಅದರಲ್ಲಿರಲಿ. ಚಿಕ್ಕ ಮಕ್ಕಳ ಫೋಟೊಗೆ ತಂದೆತಾಯಿಯರ ಒಪ್ಪಿಗೆ ಕೇಳಿ.

ನಮ್ಮ ಟ್ರಂಕಿನ ಫೋಟೊದ ಹಿಂದೆ ದೊಡ್ಡಪ್ಪ ಗುರುತಿಸಿದ ಆ ಮೂರು ಹೆಸರು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಉಳಿದವರ ಜಾಗ ಖಾಲಿ ಇದೆ. ನಿಮ್ಮ ಮನೆಯ ಅಜ್ಜ, ದೊಡ್ಡಪ್ಪ, ಮಾವಂದಿರು ಆ ಕಾಲದಲ್ಲಿ ಆಡಿದವರಾದರೆ ಬರುವ ಭಾನುವಾರ ಅವರನ್ನು ಕರೆದುಕೊಂಡು ಬನ್ನಿ. ಫೋಟೊ ನಾನು ತರುತ್ತೇನೆ. ಸಾಯಂಕಾಲ ಆಟವೂ ಇದೆ. ಈ ಸಲ ಕ್ಯಾಮೆರಾ ಉದ್ದಕ್ಕೇ ಹಿಡಿಯುತ್ತೇನೆ.