ತಪ್ಪು ಮಾಡದ ವಾಹನದ ಮಾಹಿತಿ ಎಷ್ಟು ದಿನ ಇಟ್ಟುಕೊಳ್ಳಬಹುದು? ಎಎನ್‌ಪಿಆರ್ ಕ್ಯಾಮೆರಾ ಬಗ್ಗೆ ಕಾನೂನು ಹೇಳುವುದೇನು?

ಠಾಣೆಯ ನೌಪಾಡಾದಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಟರೆ ದಾರಿಯಲ್ಲಿ ಹಲವು ಕ್ಯಾಮೆರಾಗಳು ನಂಬರ್ ಪ್ಲೇಟ್ ಓದುತ್ತವೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ಐಟಿಎಂಎಸ್ ಎಂಬ ಸಂಚಾರ ನಿಗಾ ವ್ಯವಸ್ಥೆ ಇದೆ. ಬೆಂಗಳೂರಿನಲ್ಲಿ ಇದೇ ಹೆಸರಿನ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ, 250 ಎಎನ್‌ಪಿಆರ್ ಕ್ಯಾಮೆರಾಗಳೊಂದಿಗೆ ಶುರುವಾಯಿತು.

ಎಎನ್‌ಪಿಆರ್ ಎಂದರೆ ನಂಬರ್ ಪ್ಲೇಟನ್ನು ತಾನಾಗಿಯೇ ಓದಿ ದಾಖಲಿಸುವ ತಂತ್ರಜ್ಞಾನ. ಕದ್ದ ವಾಹನ ಪತ್ತೆಗೆ, ಅತಿವೇಗಕ್ಕೆ ದಂಡ ಹಾಕಲು ಪೊಲೀಸರಿಗೆ ಇದರಿಂದ ಅನುಕೂಲವೇ. ಆದರೆ ತಪ್ಪಿತಸ್ಥ ವಾಹನವನ್ನು ಗುರುತಿಸಲು ಅದು ಎದುರು ಬಂದ ಎಲ್ಲ ಪ್ಲೇಟ್‌ಗಳನ್ನೂ ಓದಬೇಕು. ಸಮಯ, ಸ್ಥಳ ಜೋಡಿಸಿ ನೋಡಿದರೆ ಯಾರು ಯಾವ ಆಸ್ಪತ್ರೆಗೆ, ಯಾವ ಸಭೆಗೆ ಹೋದರು ಎಂಬುದೂ ಹೊರಬೀಳಬಹುದು.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಸೆಕ್ಷನ್ ಸೇರಿತು. ಅದರಡಿ 2021ರ ಆಗಸ್ಟ್‌ನಲ್ಲಿ 167ಎ ನಿಯಮ ಬಂತು. ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸುವ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಯಲ್ಲಿ ಎಚ್ಚರಿಕೆ ಫಲಕ ಹಾಕಬೇಕು, ಚಲನ್ ಇತ್ಯರ್ಥವಾಗುವವರೆಗೆ ದಾಖಲೆ ಉಳಿಸಬೇಕು ಎನ್ನುತ್ತದೆ ಅದು. ಇದೆಲ್ಲ ನಿಯಮ ಉಲ್ಲಂಘಿಸಿದವರ ವಿಷಯ. ಯಾವ ತಪ್ಪನ್ನೂ ಮಾಡದ ವಾಹನದ ಮಾಹಿತಿಯನ್ನು ಯಾವಾಗ ಅಳಿಸಬೇಕು ಎಂಬುದು ಆ ನಿಯಮದಲ್ಲಿಲ್ಲ. ವಿವಾದದ ಮೂಲವೂ ಇದೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಪು ನೀಡಿದೆ. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆ ಹಕ್ಕಿಗೆ ಮಿತಿ ಹೇರಬೇಕಾದರೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಬೇಕು. ಕ್ರಮವೂ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಿಂದ ನೆರವು ಸಿಗಬಹುದು ಎಂದುಕೊಂಡರೆ, ಅದರ 17ನೇ ಸೆಕ್ಷನ್ ಅಪರಾಧ ತಡೆ, ಪತ್ತೆ ಹಾಗೂ ತನಿಖೆಗೆ ದೊಡ್ಡ ವಿನಾಯಿತಿಯನ್ನೇ ಕೊಟ್ಟಿದೆ.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2008ರಲ್ಲೇ ಎರಡು ರಾಜ್ಯಗಳ ಇಂಥ ಕಾನೂನನ್ನು ರದ್ದುಪಡಿಸಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಂತೂ ಪೊಲೀಸರ ಪಟ್ಟಿಗೆ ಹೊಂದದ ನಂಬರನ್ನು ಮೂರೇ ನಿಮಿಷದಲ್ಲಿ ಅಳಿಸಬೇಕು.

ಇನ್ನೊಂದು ತೊಡಕು ನಕಲಿ ಪ್ಲೇಟ್‌ಗಳದ್ದು. ಕ್ಯಾಮೆರಾ ಓದುವುದು ಅಕ್ಷರಗಳನ್ನು, ಮಾಲೀಕರನ್ನಲ್ಲ. ಬೇರೆಯವರು ನಿಮ್ಮ ನಂಬರ್ ಹಾಕಿಕೊಂಡು ಓಡಾಡಿದರೆ ಚಲನ್ ಬರುವುದು ನಿಮಗೆ. ಆಗ ಫೋಟೊದಲ್ಲಿನ ವಾಹನದ ಮಾದರಿ, ಬಣ್ಣ, ಸ್ಥಳವನ್ನು ಮೊದಲು ಪರಿಶೀಲಿಸಿ, ದಂಡ ಕಟ್ಟುವ ಮುನ್ನವೇ ಸಂಚಾರ ಪೊಲೀಸರಿಗೆ ಆಕ್ಷೇಪಣೆ ಸಲ್ಲಿಸಬೇಕು.