ವಿದೇಶ ಕಾರ್ಯಪ್ರವಾಸದ ಪಾವತಿ ಕಾರ್ಡ್

ಉದ್ಯೋಗ ಅಥವಾ ವ್ಯಾಪಾರದ ನಿಮಿತ್ತ ಮತ್ತೆ ಮತ್ತೆ ವಿದೇಶಕ್ಕೆ ಹೋಗುವವರು ಅಲ್ಲಿನ ಹೋಟೆಲ್, ಊಟ, ಟ್ಯಾಕ್ಸಿ, ರೈಲಿನ ಖರ್ಚಿಗೆ ಬಳಸುವ ಕ್ರೆಡಿಟ್ ಕಾರ್ಡ್, ಡೆಬಿಟ್ ಕಾರ್ಡ್ ಅಥವಾ ಮೊದಲೇ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡೇ ಕಾರ್ಯಪ್ರವಾಸದ ಪಾವತಿ ಕಾರ್ಡ್. ಜಾಹೀರಾತುಗಳು ರಿವಾರ್ಡ್ ಪಾಯಿಂಟು, ವಿಮಾನ ನಿಲ್ದಾಣದ ಲೌಂಜುಗಳ ಕಡೆಗೆ ಕಣ್ಣು ಸೆಳೆಯುತ್ತವೆ. ಆದರೆ ಕಾರ್ಯಪ್ರವಾಸಕ್ಕೆ ಕಾರ್ಡ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಖರ್ಚು ಕೊನೆಗೆ ಯಾರ ಲೆಕ್ಕಕ್ಕೆ ಸೇರುತ್ತದೆ? ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಸಿಗುತ್ತದೆ. ಇಲ್ಲಿ ಮನೆ ಮಾಡಿಕೊಂಡು ಹೆಬ್ಬಾಳದ ಇನ್ಫೋಸಿಸ್‌ನಂಥ ಸಾಫ್ಟ್‌ವೇರ್ ಕಂಪನಿಗೆ ಹೋಗಿಬರುವವರನ್ನು ಕಂಪನಿಯೇ ವಿದೇಶಕ್ಕೆ ಕಳಿಸುತ್ತದೆ. ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ, ಡಿ. ದೇವರಾಜ ಅರಸು ರಸ್ತೆಗಳ ಸುತ್ತಿನದು ಅಂಗಡಿಗಳ ಲೋಕ. ರೇಷ್ಮೆ, ಅಗರಬತ್ತಿ, ಗಂಧದ ಕೆತ್ತನೆಯಂಥ ಸರಕನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರಿ ದುಬೈಗೋ ಫ್ರಾಂಕ್‌ಫರ್ಟ್‌ನ ಆಂಬಿಯೆಂಟೆ ಮೇಳಕ್ಕೋ ತನ್ನ ದುಡ್ಡಿನಲ್ಲೇ ಹೋಗಬೇಕು. ಇಬ್ಬರೂ ಒಂದೇ ಬ್ಯಾಂಕಿನ ಗ್ರಾಹಕರಾಗಿದ್ದರೂ ಕಾನೂನು ಇಬ್ಬರನ್ನೂ ಒಂದೇ ರೀತಿ ನೋಡುವುದಿಲ್ಲ.

ಕಾನೂನಿನ ಲೆಕ್ಕ

ವಿದೇಶಿ ವಿನಿಮಯವನ್ನು 1973ರ ಫೆರಾ ಕಾಯ್ದೆ ಬಿಗಿಯಾಗಿ ಹಿಡಿದಿಟ್ಟಿತ್ತು. 1999ರ ಫೆಮಾ ಕಾಯ್ದೆ 2000ದ ಜೂನ್ 1ರಿಂದ ಜಾರಿಗೆ ಬಂದು ಆ ಹಿಡಿತವನ್ನು ಸಡಿಲಿಸಿತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎಲ್‌ಆರ್‌ಎಸ್ ಎಂಬ ಉದಾರೀಕೃತ ಹಣ ರವಾನೆ ಯೋಜನೆಯನ್ನು ತಂದಾಗ ಮಿತಿ 25,000 ಡಾಲರ್ ಇತ್ತು. ಈಗ ಒಬ್ಬ ನಿವಾಸಿ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಸ್ವಂತ ಖಾತೆಯಿಂದ ಫಾರೆಕ್ಸ್ ಕಾರ್ಡಿಗೆ ತುಂಬಿಸಿದ ಹಣವೂ ಹೊರದೇಶದಲ್ಲಿ ಡೆಬಿಟ್ ಕಾರ್ಡ್ ಉಜ್ಜಿದ ಹಣವೂ ಈ ಲೆಕ್ಕಕ್ಕೆ ಬರುತ್ತವೆ. ಅಷ್ಟು ದೊಡ್ಡ ಮಿತಿಯನ್ನು ಮುಟ್ಟುವವರು ಕಡಿಮೆ. ತೊಂದರೆ ಕೊಡುವುದು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ: ವರ್ಷದ ಒಟ್ಟು ರವಾನೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತದ ಮೇಲೆ ಇಂಥ ಖರ್ಚಿಗೆ ಶೇ 20ರಷ್ಟನ್ನು ಬ್ಯಾಂಕ್ ಮೊದಲೇ ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮುನ್ನ ಈ ಗಡಿ 7 ಲಕ್ಷವಿತ್ತು. ಹಿಡಿದ ಹಣವನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯತನಕ ದುಡ್ಡು ಕೈಗೆ ಸಿಗದು.

ಕಂಪನಿ ನಿಯೋಜಿಸಿ, ಖರ್ಚನ್ನೂ ತಾನೇ ಭರಿಸಿದರೆ ಆ ಪ್ರವಾಸ ಉದ್ಯೋಗಿಯ ಎಲ್‌ಆರ್‌ಎಸ್ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಕಂಪನಿ ತನ್ನ ಖಾತೆಯಿಂದಲೇ ಫಾರೆಕ್ಸ್ ಕಾರ್ಡ್ ತುಂಬಿಸಿ ಕೊಟ್ಟರೆ ಅದನ್ನೇ ತೆಗೆದುಕೊಳ್ಳಬೇಕು. ‘ನಿಮ್ಮದೇ ಖಾತೆಯಿಂದ ತುಂಬಿಸಿಕೊಳ್ಳಿ, ಆಮೇಲೆ ಕೊಡುತ್ತೇವೆ’ ಎಂಬ ವ್ಯವಸ್ಥೆಯಲ್ಲಿ ಉದ್ಯೋಗಿಯ 10 ಲಕ್ಷದ ಗಡಿ ಕಂಪನಿಯ ಕೆಲಸಕ್ಕೆ ಸವೆದುಹೋಗುತ್ತದೆ. ಅದೇ ವರ್ಷ ಮನೆಮಂದಿಯ ಪ್ರವಾಸಕ್ಕೆ ಡಾಲರ್ ಕೊಳ್ಳಲು ಹೋದಾಗ ಅದರ ಬಿಸಿ ತಟ್ಟುತ್ತದೆ.

ಅಂಗಡಿ ಮಾಲೀಕರ ಸ್ಥಿತಿ ಇನ್ನೂ ಸೂಕ್ಷ್ಮ. ಒಬ್ಬರೇ ಮಾಲೀಕರಾಗಿರುವ ವ್ಯವಹಾರದಲ್ಲಿ ಅಂಗಡಿಗೂ ಮಾಲೀಕನಿಗೂ ಕಾನೂನು ಭೇದ ಮಾಡುವುದಿಲ್ಲ. ಅವರು ವ್ಯಾಪಾರದ ಪ್ರವಾಸಕ್ಕೆ ಫಾರೆಕ್ಸ್ ಕಾರ್ಡ್ ತುಂಬಿಸಿದರೂ ಅದು ಅವರ ಸ್ವಂತ ಎಲ್‌ಆರ್‌ಎಸ್ ಲೆಕ್ಕಕ್ಕೇ ಬರುತ್ತದೆ. ಇಂಥವರಿಗೆ ಕ್ರೆಡಿಟ್ ಕಾರ್ಡ್ ಅನುಕೂಲ. ವಿದೇಶದಲ್ಲಿದ್ದಾಗ ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚು ಎಲ್‌ಆರ್‌ಎಸ್‌ಗೆ ಸೇರುವುದಿಲ್ಲ, ಟಿಸಿಎಸ್ ಕೂಡ ಬೀಳುವುದಿಲ್ಲ. 2023ರ ಮೇ 16ರಂದು ಕೇಂದ್ರ ಸರ್ಕಾರ ಈ ವಿನಾಯಿತಿ ತೆಗೆದುಹಾಕಿದಾಗ ದೊಡ್ಡ ಗದ್ದಲವಾಯಿತು. ಜೂನ್ 28ರಂದು ಆ ಬದಲಾವಣೆಯನ್ನು ಮುಂದೂಡಲಾಯಿತು. ಮುಂದೂಡಿದ್ದಷ್ಟೇ ಎಂಬುದು ನೆನಪಿರಲಿ. ಪ್ರತಿ ಬಜೆಟ್ಟಿನ ಹೊತ್ತಿಗೆ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಾರ್ಕಪ್

ಹೊರದೇಶದ ಬಿಲ್ಲನ್ನು ರೂಪಾಯಿಗೆ ಪರಿವರ್ತಿಸುವಾಗ ಬ್ಯಾಂಕ್ ಸೇರಿಸುವ ಶುಲ್ಕವೇ ಮಾರ್ಕಪ್. ಅನೇಕ ಕಾರ್ಡುಗಳಲ್ಲಿ ಇದು ಶೇ 3.5, ದುಬಾರಿ ವಾರ್ಷಿಕ ಶುಲ್ಕದ ಕೆಲವು ಕಾರ್ಡುಗಳಲ್ಲಿ ಶೇ 2, ಮತ್ತೆ ಕೆಲವದರಲ್ಲಿ ಸೊನ್ನೆ. ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಬೇರೆ. ಲೆಕ್ಕಕ್ಕೆ ಯೂರೋ ಒಂದಕ್ಕೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. 1,000 ಯೂರೋ ಹೋಟೆಲ್ ಬಿಲ್ಲಿಗೆ 1,00,000 ರೂಪಾಯಿ, ಮಾರ್ಕಪ್ 3,500, ಅದರ ಮೇಲಿನ ಜಿಎಸ್‌ಟಿ 630. ಅಂದರೆ ಹೆಚ್ಚುವರಿ 4,130 ರೂಪಾಯಿ. ನೂರಕ್ಕೆ ಒಂದು ರೂಪಾಯಿ ಬೆಲೆಯ ಪಾಯಿಂಟು ಕೊಡುವ ಕಾರ್ಡ್ ಇದರಲ್ಲಿ ವಾಪಸು ಕೊಡುವುದು 1,000 ಮಾತ್ರ. ಪಾಯಿಂಟಿಗೆ ಮರುಳಾಗುವ ಮುನ್ನ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು. ಬಿಲ್ಲಿಗೆ ಹತ್ತುವ ದರ ಕಾರ್ಡ್ ಉಜ್ಜಿದ ಕ್ಷಣದ್ದೇ ಆಗಿರಬೇಕೆಂದಿಲ್ಲ, ವ್ಯವಹಾರ ಇತ್ಯರ್ಥವಾದ ದಿನದ್ದಾಗಿರಬಹುದು.

ಉದ್ಯೋಗಿಗಳು ಇನ್ನೊಂದು ವಿಷಯವನ್ನು ಅಕೌಂಟ್ಸ್ ವಿಭಾಗದಿಂದ ಬರಹದಲ್ಲೇ ಕೇಳಿ ಪಡೆಯಬೇಕು: ಮರುಪಾವತಿ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿರುವ ಮೊತ್ತಕ್ಕೋ, ಆ ದಿನದ ಪ್ರಕಟಿತ ವಿನಿಮಯ ದರಕ್ಕೋ? ಎರಡನೆಯದಾದರೆ ಮಾರ್ಕಪ್ ಅಷ್ಟೂ ಉದ್ಯೋಗಿಯ ಜೇಬಿನಿಂದ ಹೋಗುತ್ತದೆ. ಮರುಪಾವತಿ ಬರುವ ಮೊದಲೇ ಕಾರ್ಡಿನ ಬಿಲ್ ಕಟ್ಟುವ ದಿನಾಂಕ ಬಂದರೆ ಕೈಯಿಂದ ಕಟ್ಟಿಯೇ ಬಿಡಬೇಕು; ಕ್ರೆಡಿಟ್ ಕಾರ್ಡಿನ ಬಡ್ಡಿ ಯಾವ ಭತ್ಯೆಯನ್ನೂ ನುಂಗಿಹಾಕಬಲ್ಲದು.

ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್

ಫಾರೆಕ್ಸ್ ಕಾರ್ಡಿನಲ್ಲಿ ತುಂಬಿಸಿದ ದಿನದ ದರ ಗಟ್ಟಿಯಾಗುತ್ತದೆ. ದಿನಭತ್ಯೆಯ ಖರ್ಚಿಗೆ ಇದು ಹೇಳಿಮಾಡಿಸಿದ್ದು. ಇದರಲ್ಲಿ ಮಾರ್ಕಪ್ ಇಲ್ಲ ಎನ್ನುವುದು ಅರ್ಧ ಸತ್ಯ: ಬ್ಯಾಂಕ್ ಡಾಲರ್ ಮಾರುವ ದರದೊಳಗೇ ತನ್ನ ಲಾಭ ಸೇರಿಸಿರುತ್ತದೆ. ಡಾಲರ್ ತುಂಬಿಸಿದ ಕಾರ್ಡನ್ನು ಜಪಾನಿನಲ್ಲಿ ಯೆನ್‌ಗೆ ಬಳಸಿದರೆ ಕರೆನ್ಸಿ ಬದಲಾವಣೆಯ ಶುಲ್ಕವೂ ಬೀಳುತ್ತದೆ. ಹೋಗುವ ದೇಶದ ಕರೆನ್ಸಿ ಆ ಕಾರ್ಡಿನಲ್ಲಿ ಇದೆಯೇ ಎಂದು ನೋಡಿಯೇ ತುಂಬಿಸಬೇಕು.

ದೇವರಾಜ ಮೊಹಲ್ಲಾದ ಹಳೆಯ ಕುಟುಂಬಗಳಲ್ಲಿ ಹಲವರ ಉಳಿತಾಯ ಖಾತೆ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನಲ್ಲಿತ್ತು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮನೆಯ ಮುಖ್ಯ ಉಳಿತಾಯವಿರುವ ಇಂಥ ಖಾತೆಯ ಡೆಬಿಟ್ ಕಾರ್ಡನ್ನು ಹೊರದೇಶದ ಅಂಗಡಿಗಳಲ್ಲಿ ಉಜ್ಜಬಾರದು. ವಂಚನೆಯಾದರೆ ಹೋಗುವುದು ಬ್ಯಾಂಕಿನ ಸಾಲದ ಹಣವಲ್ಲ, ಮನೆಯ ಹಣ. ಅದನ್ನು ತುರ್ತಿನ ನಗದಿಗೆ ಮಾತ್ರ ಇಟ್ಟುಕೊಳ್ಳಲಿ. ಏಕೆಂದರೆ ಕ್ರೆಡಿಟ್ ಕಾರ್ಡಿನಿಂದ ಎಟಿಎಂ ನಗದು ತೆಗೆದರೆ ಶುಲ್ಕದ ಜೊತೆಗೆ ಮೊದಲ ದಿನದಿಂದಲೇ ಬಡ್ಡಿ.

ಕೌಂಟರಿನ ಮುಂದೆ

ಹೋಟೆಲಿಗೆ ಕಾಲಿಟ್ಟೊಡನೆ ಸ್ವಾಗತಕಾರರು ಕಾರ್ಡ್ ಕೇಳಿ ಒಂದು ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಸಾಲದ ಮಿತಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಜವಾದ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ. ಕೋಣೆ ಖಾಲಿ ಮಾಡಿದ ಮೇಲೂ ಅದು ಬಿಡುಗಡೆಯಾಗಲು ದಿನಗಳು ಹಿಡಿಯಬಹುದು. ಅಷ್ಟರಲ್ಲಿ ಪ್ರಯಾಣಿಕ ಮುಂದಿನ ಊರಿನಲ್ಲಿ ಊಟಕ್ಕೆ ಪರದಾಡುತ್ತಿರುತ್ತಾನೆ. ಹೋಟೆಲ್ ಮತ್ತು ಬಾಡಿಗೆ ಕಾರಿಗೆ ಕ್ರೆಡಿಟ್ ಕಾರ್ಡ್, ಊಟ ತಿಂಡಿಗೆ ಫಾರೆಕ್ಸ್ ಕಾರ್ಡ್ ಎಂಬ ಹಂಚಿಕೆ ಇದಕ್ಕಾಗಿಯೇ.

ಬಿಲ್ ಕಟ್ಟುವಾಗ ಯಂತ್ರದ ಪರದೆಯ ಮೇಲೆ ಎರಡು ಸಾಲು ಮೂಡುವುದುಂಟು: ಒಂದರಲ್ಲಿ ಯೂರೋ, ಇನ್ನೊಂದರಲ್ಲಿ ರೂಪಾಯಿ. ಪರಿಚಿತ ಅಂಕಿ ಕಂಡ ನೆಮ್ಮದಿಗೆ ಬೆರಳು ರೂಪಾಯಿಯತ್ತ ಹೋಗುತ್ತದೆ. ಒತ್ತಬೇಕಾದದ್ದು ಯೂರೋವನ್ನು. ರೂಪಾಯಿ ಆರಿಸಿದರೆ ಪರಿವರ್ತನೆ ಅಂಗಡಿಯ ಕಡೆಯವರ ದರದಲ್ಲಿ ನಡೆಯುತ್ತದೆ. ಅದು ಸಾಮಾನ್ಯವಾಗಿ ದುಬಾರಿ, ಮೇಲಾಗಿ ನಮ್ಮ ಹಲವು ಬ್ಯಾಂಕುಗಳು ಇದಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತವೆ.

ಲಂಡನ್ನಿನ ಬಸ್ಸುಗಳು 2014ರ ಜುಲೈನಿಂದ ನಗದು ತೆಗೆದುಕೊಳ್ಳುವುದಿಲ್ಲ. ತಾಗಿಸಿ ಪಾವತಿಸುವ ಕಾರ್ಡ್ ಅಲ್ಲಿ ಬೇಕೇ ಬೇಕು. ರುಪೇ ಕಾರ್ಡ್ ಹೊರದೇಶಗಳಲ್ಲಿ ಡಿಸ್ಕವರ್, ಡೈನರ್ಸ್, ಜೆಸಿಬಿ ಜಾಲಗಳ ಮೂಲಕ ನಡೆಯುತ್ತದೆ. ಯುಪಿಐ ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್‌ನಂಥ ಕೆಲವು ದೇಶಗಳನ್ನು ತಲುಪಿದೆ. ಕೆಲಸದ ಪ್ರಯಾಣಕ್ಕೆ ಇವನ್ನೇ ನೆಚ್ಚುವ ಕಾಲ ಇನ್ನೂ ಬಂದಿಲ್ಲ. ವೀಸಾ ಒಂದು, ಮಾಸ್ಟರ್‌ಕಾರ್ಡ್ ಒಂದು, ಬೇರೆ ಬೇರೆ ಚೀಲದಲ್ಲಿ ಇರಬೇಕು.

ಹೊರಡುವ ಮುನ್ನ

ಮೈಸೂರಿನಿಂದ ಹೋಗುವವರು ಫ್ಲೈಬಸ್ ಹತ್ತಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಬ್ಯಾಂಕ್ ಶಾಖೆಗಳು ಮುಚ್ಚಿರುವುದೇ ಹೆಚ್ಚು. ನಿಲ್ದಾಣದ ವಿನಿಮಯ ಕೌಂಟರಿನ ದರ ಊರಿನ ದರಕ್ಕಿಂತ ಸಾಮಾನ್ಯವಾಗಿ ದುಬಾರಿ. ಆದ್ದರಿಂದ ಕೆಲಸವೆಲ್ಲ ಊರಿನಲ್ಲೇ ಮುಗಿಯಬೇಕು. 2020ರ ರಿಸರ್ವ್ ಬ್ಯಾಂಕ್ ಆದೇಶದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶ ಬಳಕೆ, ಆನ್‌ಲೈನ್, ತಾಗಿಸುವ ಪಾವತಿಗಳನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆದು ಮಿತಿ ಹಾಕಬೇಕು, ಮರಳಿದ ಮೇಲೆ ಮುಚ್ಚಬೇಕು. ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು. ಕಾರ್ಡ್ ವಿವರ ಹೊರಗಿನವರಿಂದ ಸೋರಿಹೋಗಿ ಹಣ ಕಳೆದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ಹೊಣೆ ಬೀಳದು ಎಂದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಸಂದೇಶಗಳನ್ನು ದಿನವೂ ನೋಡುವ ಅಭ್ಯಾಸಕ್ಕೆ ಇಷ್ಟು ಬೆಲೆಯಿದೆ.

ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟುಗಳನ್ನು ಒಯ್ಯಬಹುದು. ಮರಳಿದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. 2,000 ಡಾಲರ್‌ವರೆಗಿನ ನೋಟುಗಳನ್ನು ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಲು ಅವಕಾಶವಿದೆ. ಕಂಪನಿ ತುಂಬಿಸಿದ ಕಾರ್ಡಾದರೆ ಉಳಿಕೆ ಕಂಪನಿಯದು. ಖರ್ಚಿನ ಲೆಕ್ಕ ಒಪ್ಪಿಸುವಾಗಲೇ ಅದನ್ನು ತೋರಿಸಬೇಕು.